ಹಾಲಿಗೆ ಫ್ಯಾಟ್, ಓದಿಗೆ ಏನು?

ನಾನು ಓದುತ್ತಿರುವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಸು ಜಾಸ್ತಿ ಅಂತ ಗೊತ್ತಾದ ದಿನದಿಂದ ಅಪ್ಪನಿಗೆ ಈ ಸೀಮೆ ಮೇಲೆ ಪ್ರೀತಿ. ಊರಲ್ಲಿ ಎರಡು ಹೊತ್ತೂ ಡೇರಿಗೆ ಹಾಲು ಹಾಕುವವರು ಅವರು. ಫ್ಯಾಟ್ ಕಡಿಮೆ ಬಂದ ದಿನ ಮನೆಯಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ!

ಅದಕ್ಕೇ ಅವರಿಗೆ ಸ್ಟೀಫನ್ ಬ್ಯಾಬ್‌ಕಾಕ್ ಕಥೆ ಹೇಳಿದೆ. ಮ್ಯಾಡಿಸನ್‌ನಲ್ಲಿರುವ ನಮ್ಮ ವಿಶ್ವವಿದ್ಯಾಲಯದಲ್ಲೇ ಇದ್ದ ವಿಜ್ಞಾನಿ. 1890ರಲ್ಲಿ ಹಾಲಿನ ಕೊಬ್ಬು ಅಳೆಯಲು ಸುಲಭದ ಪರೀಕ್ಷೆ ಕಂಡುಹಿಡಿದರು. ಅದಕ್ಕೂ ಮುಂಚೆ ತೂಕಕ್ಕಷ್ಟೇ ದುಡ್ಡು. ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ರೇಟು. ಪರೀಕ್ಷೆ ಬಂದ ಮೇಲೆ ಆ ಆಟ ನಡೆಯಲಿಲ್ಲ. ಬ್ಯಾಬ್‌ಕಾಕ್ ಅದಕ್ಕೆ ಪೇಟೆಂಟನ್ನೂ ಮಾಡಿಸಲಿಲ್ಲ.

"ಒಳ್ಳೆ ಮನುಷ್ಯ ಕಣಪ್ಪ. ನಿಮ್ಮ ಓದಿಗೆ ಫ್ಯಾಟ್ ನೋಡೋದು ಹೆಂಗೆ?" ಅಂದರು.

ಇಲ್ಲಿನ ಸರ್ಕಾರವೂ ಒಮ್ಮೆ ಅದನ್ನೇ ಕೇಳಿತ್ತು. 2015ರಲ್ಲಿ ಗವರ್ನರ್ ಸ್ಕಾಟ್ ವಾಕರ್ ಅವರ ಬಜೆಟ್ ಕರಡಿನಲ್ಲಿ ವಿಶ್ವವಿದ್ಯಾಲಯದ ಧ್ಯೇಯವನ್ನೇ ತಿದ್ದಿದ್ದರು. 'ಸತ್ಯದ ಹುಡುಕಾಟ' ಹೋಗಿ, ರಾಜ್ಯಕ್ಕೆ ಬೇಕಾದ ಕೆಲಸಗಾರರನ್ನು ತಯಾರು ಮಾಡುವ ಮಾತು ಬಂದಿತ್ತು. ಗಲಾಟೆ ಎದ್ದ ಕೂಡಲೇ, ಕರಡು ಬರೆಯುವಾಗ ತಪ್ಪಾಯಿತು ಅಂದರು. ಹಳೆಯ ಮಾತು ಉಳಿಯಿತು. ಆದರೆ ಅದೇ ಬಜೆಟ್ಟಿನಲ್ಲಿ ವಿಶ್ವವಿದ್ಯಾಲಯಗಳ ದುಡ್ಡಿಗೆ ಬಿದ್ದ ಕತ್ತರಿ ತಪ್ಪಲಿಲ್ಲ. ಎರಡು ವರ್ಷಕ್ಕೆ 25 ಕೋಟಿ ಡಾಲರ್!

ತೆರಿಗೆ ಕಟ್ಟುವವರು ಲೆಕ್ಕ ಕೇಳಬಾರದು ಅಂತ ನಾನು ಹೇಳಲಾರೆ. ರೈತರಿಗೆ ಬೇಕು ಅಂತಲೇ ಬ್ಯಾಬ್‌ಕಾಕ್ ಆ ಕೆಲಸಕ್ಕೆ ಕೂತಿದ್ದು. ಆದರೆ ಅದಾಗಿ ನಾಲ್ಕೇ ವರ್ಷಕ್ಕೆ, 1894ರಲ್ಲಿ, ಇಲ್ಲೇ ಇನ್ನೊಂದು ನಡೆಯಿತು. ರಿಚರ್ಡ್ ಈಲಿ ಅನ್ನುವ ಅರ್ಥಶಾಸ್ತ್ರದ ಮೇಷ್ಟ್ರು ಮುಷ್ಕರಗಳಿಗೆ ಕುಮ್ಮಕ್ಕು ಕೊಡುತ್ತಾರೆ ಅಂತ ದೂರು. ಆಡಳಿತ ಮಂಡಳಿ ವಿಚಾರಣೆ ಮಾಡಿ, ಕೊನೆಗೆ ಅವರ ಪರ ನಿಂತಿತು. ಹೆದರದೆ ಜರಡಿ ಹಿಡಿಯುತ್ತಾ, ತೂರುತ್ತಾ ಇದ್ದರೆ ಮಾತ್ರ ಸತ್ಯ ಸಿಗುತ್ತದೆ ಅಂತ ಆಗ ಬರೆದ ಮಾತು ವಿಶ್ವವಿದ್ಯಾಲಯದ ಬ್ಯಾಸ್ಕಮ್ ಹಾಲ್ ಅನ್ನುವ ಕಟ್ಟಡದ ಬಾಗಿಲ ಹತ್ತಿರ ಕಂಚಿನ ಫಲಕದಲ್ಲಿದೆ. ಕರಡು ತಿದ್ದಿದವರ ಲೆಕ್ಕದಲ್ಲಿ ಬ್ಯಾಬ್‌ಕಾಕ್ ಪಾಸು. ಈಲಿ?

ತೂರುವ ಮಾತು ಅಪ್ಪನಿಗೆ ತಕ್ಷಣ ಹಿಡಿಸಿತು. ರಾಗಿ ಕಣದಲ್ಲಿ ಗಾಳಿಗೆ ಕಾದು ಕೂರುತ್ತಿದ್ದ ಕಥೆ ಹತ್ತು ನಿಮಿಷ ಹೇಳಿದರು. ಆಮೇಲೆ, "ಅದ್ಸರಿ, ಸಂಬಳ ಎಷ್ಟು ಬರ್ತದೆ ಅಂತ ಹೇಳ್ಲೇ ಇಲ್ವಲ್ಲ ಮಗ" ಅಂದರು.

ಬ್ಯಾಂಕಿನ ಸಾಲದ ಕಾಗದಕ್ಕೆ ನನ್ನ ಜೊತೆ ಸಹಿ ಹಾಕಿದವರು ಅವರೇ, ಅಲ್ವಾ. ನೆಟ್‌ವರ್ಕ್ ಸರಿಯಿಲ್ಲ, ನಾಳೆ ಮಾಡ್ತೀನಿ ಅಂತ ಸುಮ್ನೆ ಫೋನ್ ಇಟ್ಟೆ.