ಎರಡನೆಯ ಗೆರೆ

ಸಿಂಧನೂರಿನ ಒಂದು ಸಣ್ಣ ಲ್ಯಾಬಿನಲ್ಲಿ ನಾನು 2010ರಿಂದ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಂದ, ಕ್ಯಾಂಪುಗಳಿಂದ ಬಸುರಿಯರು ಬಂದು ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರ ಚೀಟಿಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ ಇವುಗಳ ಜೊತೆಗೆ ಎಚ್‌ಬಿಎಸ್‌ಎಜಿ ಎಂಬ ಪರೀಕ್ಷೆಯೂ ಬರೆದಿರುತ್ತದೆ. ಅದು ಏನೆಂದು ಇದುವರೆಗೆ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಸೆಂಟ್ರಿಫ್ಯೂಜಿನಲ್ಲಿ ಟ್ಯೂಬು ತಿರುಗಿ ನಿಂತ ಮೇಲೆ ಕೆಂಪು ಕೆಳಗೆ ಕುಳಿತು, ಮೇಲೆ ತಿಳಿಹಳದಿಯ ಸೀರಂ ನಿಂತಿರುತ್ತದೆ. ಅದರಲ್ಲಿ ಎರಡು ಮೂರು ಹನಿಗಳನ್ನು ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿನ ಕುಳಿಗೆ ಬಿಟ್ಟರೆ, ಬಿಳಿಯ ಪಟ್ಟಿಯ ಮೇಲೆ ತೇವವು ನಿಧಾನವಾಗಿ ಏರುತ್ತ ಹೋಗುತ್ತದೆ. ಮೊದಲು ಕಾಣಬೇಕಾದದ್ದು 'ಸಿ' ಅಕ್ಷರದ ಎದುರಿನ ಗೆರೆ. ಕಾರ್ಡು ಸರಿಯಾಗಿ ಕೆಲಸ ಮಾಡಿದೆ ಎಂಬುದಕ್ಕೆ ಅದೇ ಸಾಕ್ಷಿ. 'ಟಿ' ಅಕ್ಷರದ ಎದುರು ಎರಡನೆಯ ಗೆರೆ ಮೂಡುವುದೋ ಇಲ್ಲವೋ ಎಂದು ತಿಳಿಯಲು ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಆ ಗೆರೆ ಕೆಲವೊಮ್ಮೆ ಕಡುಗೆಂಪಾಗಿ ಎದ್ದು ಕಾಣುತ್ತದೆ, ಕೆಲವೊಮ್ಮೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ. ಮೂಡಿತೆಂದರೆ ಆ ಹೆಣ್ಣುಮಗಳ ರಕ್ತದಲ್ಲಿ, ಲಿವರಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನು ಇದೆ ಎಂದು ಅರ್ಥ.

ನಮ್ಮ ಮನೆಯಲ್ಲಿ ಆ ಗೆರೆ ಮೂರು ತಲೆಮಾರುಗಳಲ್ಲಿ ಮೂಡಿದೆ. ಈ ರೋಗದ ಚರಿತ್ರೆಯನ್ನು ನಾನು ಪಠ್ಯದಲ್ಲಿ ಓದಿದೆನಾದರೂ, ನನಗೆ ಅದು ನಿಜವಾಗಿ ಅರ್ಥವಾದದ್ದು ನಮ್ಮವರು ಹುಟ್ಟಿದ ವರ್ಷಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ.

ನನ್ನ ಸೋದರಮಾವ ಹುಟ್ಟಿದ್ದು 1962ರಲ್ಲಿ. ಆಗ ಈ ವೈರಸ್ಸು ಇದೆಯೆಂದೇ ಜಗತ್ತಿಗೆ ತಿಳಿದಿರಲಿಲ್ಲ. ಹಾಗೆಂದು ರೋಗ ಹೊಸದೇನೂ ಅಲ್ಲ. ಜರ್ಮನಿಯಲ್ಲಿ ಸಿಕ್ಕ ಸುಮಾರು 7,000 ವರ್ಷ ಹಳೆಯ ಅಸ್ಥಿಪಂಜರದಲ್ಲಿ ಇದರ ಡಿಎನ್‌ಎ ಸಿಕ್ಕಿದೆ, ಅಂದರೆ ನಮ್ಮ ಮಸ್ಕಿಯ ಅಶೋಕನ ಶಾಸನಕ್ಕಿಂತ ಅದು ಮೂರು ಪಟ್ಟು ಹಳೆಯದು. 1883ರಲ್ಲಿ ಜರ್ಮನಿಯದೇ ಬ್ರೆಮೆನ್ ನಗರದ ಹಡಗುಕಟ್ಟೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡ 1,289 ಕಾರ್ಮಿಕರಲ್ಲಿ 191 ಮಂದಿಗೆ ಕೆಲವು ತಿಂಗಳಲ್ಲಿ ಕಾಮಾಲೆ ಬಂತು. ಆ ಲಸಿಕೆಯನ್ನು ಮನುಷ್ಯರ ದೇಹದ್ರವದಿಂದ ತಯಾರಿಸಲಾಗಿತ್ತು. 1942ರಲ್ಲಿ ಅಮೆರಿಕದ ಸೈನಿಕರಿಗೆ ಹಾಕಿದ ಹಳದಿಜ್ವರದ ಲಸಿಕೆಯಲ್ಲಿಯೂ ಮಾನವ ಸೀರಂ ಇತ್ತು. ಅದರಿಂದ ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ರಕ್ತದ ಮೂಲಕ ಏನೋ ಒಂದು ದಾಟುತ್ತಿದೆ ಎಂಬುದು ವೈದ್ಯರಿಗೆ ಹೊಳೆದಿತ್ತು, ಆದರೆ ದಾಟುತ್ತಿರುವುದು ಏನೆಂದು ಗೊತ್ತಿರಲಿಲ್ಲ. 1965ರಲ್ಲಿ ಬರೂಕ್ ಬ್ಲಂಬರ್ಗ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಅಪರಿಚಿತ ಪ್ರೋಟೀನಿನ ಬಗ್ಗೆ ಪ್ರಕಟಿಸಿದರು, ಅದಕ್ಕೆ ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರಿಟ್ಟರು. ಇಂದು ನಾನು ಕಾರ್ಡಿನ ಮೇಲೆ ಹುಡುಕುವ ಎರಡನೆಯ ಗೆರೆ ಅದರದೇ. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ಮಾವ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. 2007ರ ಬೇಸಿಗೆಯಲ್ಲಿ ಅವರ ಹೊಟ್ಟೆಗೆ ನೀರು ತುಂಬತೊಡಗಿತು, ಕಾಲು ಬಾತವು, ಪಂಚೆಯ ಗಂಟು ದಿನದಿಂದ ದಿನಕ್ಕೆ ಸಡಿಲವಾಗಿ ಕಟ್ಟಬೇಕಾಯಿತು. ಕಣ್ಣು ಹಳದಿಯಾದಾಗ ಹಿರಿಯರು ಕಾಮಣಿ ಎಂದು ತೀರ್ಮಾನಿಸಿ ನಾಟಿ ಔಷಧಿಗೆ ಕರೆದೊಯ್ದರು. ಎರಡು ತಿಂಗಳ ಅನಂತರ ದೊಡ್ಡ ಊರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಅದಾಗಿ ಮೂರು ವಾರಕ್ಕೆ ತೀರಿಕೊಂಡರು, ನಲವತ್ತೈದರ ವಯಸ್ಸಿನಲ್ಲಿ. 'ಗುಟ್ಟಾಗಿ ಕುಡೀತಿದ್ದ ಇರಬೇಕು, ಇಲ್ಲಂದ್ರ ಲಿವರ್ ಹ್ಯಾಂಗ ಹೋಗತೈತಿ' ಎಂದು ಮಣ್ಣಿಗೆ ಬಂದವರೇ ಮಾತಾಡಿಕೊಂಡರು. ಅತ್ತೆ ಆ ಮಾತನ್ನು ಕೇಳಿಸಿಕೊಂಡರು. ಮಾವನ ಸಾವಿಗಿಂತ ಆ ಮಾತು ಅವರನ್ನು ಹೆಚ್ಚು ಕಾಲ ಕಾಡಿತು ಎಂದು ನನಗೆ ಗೊತ್ತಿದೆ, ಏಕೆಂದರೆ ನನಗೆ ಈ ಕೆಲಸ ಸಿಕ್ಕ ಮೇಲೆ ಅವರು ಮೊದಲು ಕೇಳಿದ ಪ್ರಶ್ನೆಯೇ ಅದು: ಕುಡಿಯದೆ ಲಿವರ್ ಹೋಗುತ್ತದೆಯೇ?

ಹೋಗುತ್ತದೆ. ತೈವಾನಿನಲ್ಲಿ ಪಾಲ್ಮರ್ ಬೀಸ್ಲಿ ಎಂಬ ವೈದ್ಯರು 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವೈರಸ್ಸನ್ನು ಹೊತ್ತವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಇಲ್ಲದವರಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ವೈರಸ್ಸು ತಾನಾಗಿ ಲಿವರನ್ನು ಕೊಲ್ಲುವುದಿಲ್ಲ. ಅದು ಸೇರಿಕೊಂಡ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ಶಕ್ತಿ ವರ್ಷಾನುಗಟ್ಟಲೆ ದಾಳಿ ಮಾಡುತ್ತ, ಗಾಯ ಮಾಯುತ್ತ, ಮತ್ತೆ ಗಾಯವಾಗುತ್ತ ಹೋಗಿ ಲಿವರು ಗಟ್ಟಿಯಾಗುತ್ತದೆ, ಕೆಲವರಲ್ಲಿ ಗಡ್ಡೆ ಕಟ್ಟುತ್ತದೆ. ಇದಕ್ಕೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು, ಮತ್ತು ಅಷ್ಟೂ ಕಾಲ ಮನುಷ್ಯ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾನೆ.

ನಾಟಿ ಔಷಧಿಯ ಮಾತನ್ನು ಇಲ್ಲಿ ಹೇಳಲೇಬೇಕು. ದೊಡ್ಡವರಾದ ಮೇಲೆ ಈ ಸೋಂಕು ತಗುಲಿದವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಯಾವ ಔಷಧಿಯೂ ಇಲ್ಲದೆ ಗುಣವಾಗುತ್ತಾರೆ. ಕೊಳಕು ನೀರಿನಿಂದ ಬರುವ ಕಾಮಾಲೆಯೂ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಹೀಗಾಗಿ ಸೊಪ್ಪು ಅರೆದು ಕುಡಿಸಿದವರಿಗೂ, ಮುಂಗೈಗೆ ಬರೆ ಹಾಕಿದವರಿಗೂ ಹೆಸರು ಬಂದೇ ಬರುತ್ತದೆ. ನೆಲನೆಲ್ಲಿಯನ್ನು ವಿಜ್ಞಾನಿಗಳು ಹಗುರವಾಗಿ ತಳ್ಳಿಹಾಕಲಿಲ್ಲ ಎಂಬುದನ್ನೂ ಓದುಗರು ತಿಳಿಯಬೇಕು. ಸ್ವತಃ ಬ್ಲಂಬರ್ಗ್ ಅದರ ಮೇಲೆ ಪ್ರಯೋಗ ಮಾಡಿದ್ದರು. 1988ರಲ್ಲಿ ಮದ್ರಾಸಿನಲ್ಲಿ ನೆಲನೆಲ್ಲಿ ಕೊಟ್ಟ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ಆಂಟಿಜೆನ್ ಮಾಯವಾಯಿತೆಂದು ವರದಿಯಾದಾಗ ಜಗತ್ತೇ ಕಿವಿ ನಿಮಿರಿಸಿತು. ಆದರೆ ಆಮೇಲೆ ಬೇರೆ ಕಡೆಗಳಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ನನ್ನ ಮಾವನಂಥವರಿಗೆ, ಅಂದರೆ ಎಳವೆಯಲ್ಲೇ ಸೋಂಕು ತಗುಲಿ ಅದು ದೇಹದಲ್ಲಿ ನೆಲೆನಿಂತವರಿಗೆ, ಸೊಪ್ಪಿನಿಂದ ಕಳೆದುಹೋಗುವುದು ಎರಡು ಅಮೂಲ್ಯ ತಿಂಗಳು.

ಎಳವೆ ಎಂದೆ. ಈ ರೋಗದ ಮರ್ಮವೆಲ್ಲ ಇರುವುದು ಅಲ್ಲೇ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ಪಡೆದ ಕೂಸುಗಳಲ್ಲಿ ಹತ್ತಕ್ಕೆ ಒಂಬತ್ತು ಕೂಸುಗಳು ಅದನ್ನು ಜೀವಮಾನವಿಡೀ ಹೊರುತ್ತವೆ. ಕೂಸಿನ ದೇಹ ಅದನ್ನು ಶತ್ರುವೆಂದು ಗುರುತಿಸುವುದೇ ಇಲ್ಲ. ಮಾವ ಸತ್ತ ಮೇಲೆ ವೈದ್ಯರು ಒಡಹುಟ್ಟಿದವರ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಅವ್ವನಿಗೆ ಪಾಸಿಟಿವ್ ಬಂತು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ, ಆದರೆ ಇಬ್ಬರಿಗೂ ಅದು ಎಲ್ಲಿಂದ ಬಂದಿರಬೇಕು ಎಂದು ಊಹಿಸಲು ಕಷ್ಟವಾಗಲಿಲ್ಲ. ನನಗೆ ನೆಗೆಟಿವ್. 1988ರಲ್ಲಿ ಹುಟ್ಟಿದ ಅಕ್ಕನಿಗೆ ಪಾಸಿಟಿವ್.

1988ರ ಹೊತ್ತಿಗೆ ಲಸಿಕೆ ಬಂದು ಏಳು ವರ್ಷವಾಗಿತ್ತು. ಅಮೆರಿಕದಲ್ಲಿ ಮೊದಲ ಲಸಿಕೆಗೆ 1981ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಮೊದಲು ಅದನ್ನು ವೈರಸ್ ಹೊತ್ತವರ ರಕ್ತದಿಂದಲೇ ತಯಾರಿಸುತ್ತಿದ್ದರು, 1986ರಲ್ಲಿ ಯೀಸ್ಟಿನಿಂದ ತಯಾರಿಸುವ ವಿಧಾನ ಬಂತು. ತೈವಾನ್ 1984ರಲ್ಲಿ ಸೋಂಕಿತ ತಾಯಂದಿರ ಕೂಸುಗಳಿಗೂ, 1986ರಿಂದ ಎಲ್ಲ ಕೂಸುಗಳಿಗೂ ಲಸಿಕೆ ಕೊಡತೊಡಗಿತು. 1984ರಲ್ಲಿ ತೈಪೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳು ಸೋಂಕು ಹೊತ್ತಿದ್ದರೆ, 1999ರಲ್ಲಿ ಆ ಪ್ರಮಾಣ ಒಂದಕ್ಕೂ ಕೆಳಗಿಳಿದಿತ್ತು. ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತು. ಲಸಿಕೆಯಿಂದ ಕ್ಯಾನ್ಸರನ್ನು ತಡೆಯಬಹುದು ಎಂದು ಮನುಷ್ಯರಿಗೆ ಮೊದಲ ಬಾರಿ ಕಣ್ಣಾರೆ ಕಂಡದ್ದು ಇದರಲ್ಲಿಯೇ. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 1997ರೊಳಗೆ ಎಲ್ಲ ದೇಶಗಳೂ ಈ ಲಸಿಕೆಯನ್ನು ಸೇರಿಸಿಕೊಳ್ಳಬೇಕೆಂದು ಹೇಳಿತು. ನಮ್ಮಿಂದ ದೂರವೇನಲ್ಲದ ಹೈದರಾಬಾದಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಅದೇ 1997ರಲ್ಲಿ ದೇಶೀಯ ಲಸಿಕೆ ತಂದು ಬೆಲೆಯನ್ನು ಸಾಮಾನ್ಯರ ಕೈಗೆ ಎಟುಕುವಂತೆ ಇಳಿಸಿತು. ಆದರೂ ಭಾರತದಲ್ಲಿ ಪ್ರಾಯೋಗಿಕ ಕಾರ್ಯಕ್ರಮ ಆರಂಭವಾದದ್ದು 2002ರಲ್ಲಿ, ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ತೈವಾನಿಗೂ ನಮಗೂ ನಡುವಿನ ಆ ಇಪ್ಪತ್ತೈದು ವರ್ಷಗಳಲ್ಲಿ ಇಲ್ಲಿ ಹುಟ್ಟಿದ ಕೂಸುಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅವರಲ್ಲಿ ನನ್ನ ಅಕ್ಕನೂ ಒಬ್ಬಳು.

ಅಕ್ಕನ ಮೊದಲ ಮಗ ಹುಟ್ಟಿದ್ದು 2013ರಲ್ಲಿ, ಶನಿವಾರ ರಾತ್ರಿ. ಅವಳ ರಿಪೋರ್ಟನ್ನು ನಾನೇ ಫೈಲಿಗೆ ಸೇರಿಸಿ ಕೊಟ್ಟಿದ್ದೆ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು ಎಂಬ ನಿಯಮ ಆಗಲೇ ಇತ್ತು. ಹೆರಿಗೆಯಾದ ಕಡೆ ಭಾನುವಾರ ಲಸಿಕೆ ಕೊಡುವವರು ಇರಲಿಲ್ಲ. ಹತ್ತು ಡೋಸಿನ ಬಾಟಲಿಯನ್ನು ಒಂದೇ ಕೂಸಿಗಾಗಿ ತೆರೆಯಲು ಎಷ್ಟೋ ಕಡೆ ಹಿಂಜರಿಯುತ್ತಿದ್ದ ಕಾಲ ಅದು. ತೆರೆದ ಬಾಟಲಿಯನ್ನು ಸರಿಯಾದ ತಂಪಿನಲ್ಲಿಟ್ಟು 28 ದಿನ ಬಳಸಬಹುದೆಂಬ ತಿಳಿವಳಿಕೆ ಎಲ್ಲರಿಗೂ ತಲುಪಿರಲಿಲ್ಲ. ಮಗುವಿಗೆ ಲಸಿಕೆ ಬಿದ್ದದ್ದು ಮಂಗಳವಾರ. ನಾನು ಕೂಗಾಡಿ ಭಾನುವಾರವೇ ಎಲ್ಲಿಂದಾದರೂ ತರಿಸಬಹುದಿತ್ತು. ಮನೆಯಲ್ಲಿ ಎಲ್ಲರೂ ಸಂಭ್ರಮದಲ್ಲಿದ್ದಾಗ ಆ ಮಾತು ಎತ್ತಲು ಬಾಯಿ ಬರಲಿಲ್ಲ. ಅವನಿಗೆ ಒಂದೂವರೆ ವರ್ಷವಾದಾಗ ನಾನೇ ರಕ್ತ ತೆಗೆದೆ. ಕಾರ್ಡಿನ ಮೇಲೆ ಎರಡನೆಯ ಗೆರೆ ಐದು ನಿಮಿಷದೊಳಗೇ ಬಂತು.

ಜಗತ್ತಿನ ಲೆಕ್ಕವನ್ನು ನಾನು ಈ ಹುಡುಗನನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಓದುತ್ತೇನೆ. ಲಸಿಕೆಗೆ ಮುಂಚಿನ ಕಾಲದಲ್ಲಿ ಪ್ರಪಂಚದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 4.7ರಷ್ಟು ಮಕ್ಕಳಿಗೆ ಸೋಂಕು ಇತ್ತು. 2019ರಲ್ಲಿ ಅದು ಶೇ 1ಕ್ಕಿಂತ ಕೆಳಗಿತ್ತು. ಕೊಳಕು ಸೂಜಿಗಳ ಕಥೆಯೂ ಹೀಗೆಯೇ ಸುಧಾರಿಸಿದೆ: 2000ದಲ್ಲಿ ಜಗತ್ತಿನಾದ್ಯಂತ ಸುಮಾರು 2.1 ಕೋಟಿ ಸೋಂಕುಗಳು ಅಸುರಕ್ಷಿತ ಚುಚ್ಚುಮದ್ದಿನಿಂದಲೇ ಆಗಿದ್ದವೆಂಬ ಅಂದಾಜಿತ್ತು, ಒಮ್ಮೆ ಬಳಸಿದರೆ ತಾನೇ ಕೆಡುವ ಸಿರಿಂಜುಗಳು ಬಂದ ಮೇಲೆ ಅದು ಬಹಳ ಇಳಿಯಿತು. (ಪೂರ್ತಿ ನಿಂತಿಲ್ಲ, 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಸಿರಿಂಜಿನ ಮರುಬಳಕೆಯಿಂದ ಹಬ್ಬಿದ ಸೋಂಕಿಗೆ ಹತ್ತಾರು ಜನ ಬಲಿಯಾದರು. ಸಣ್ಣ ಜ್ವರಕ್ಕೂ 'ಒಂದು ಸೂಜಿ ಮಾಡ್ರಿ' ಎಂದು ಹಟ ಹಿಡಿಯುವ ನಮ್ಮ ಕಡೆಯವರು ಇದನ್ನು ಮರೆಯಬಾರದು.) ಇಷ್ಟೆಲ್ಲ ಆದರೂ ಸಾವು ಇಳಿದಿಲ್ಲ, ಏರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ವೈರಲ್ ಹೆಪಟೈಟಿಸ್‌ನಿಂದ 2019ರಲ್ಲಿ 11 ಲಕ್ಷ ಮಂದಿ ಸತ್ತಿದ್ದರೆ, 2022ರಲ್ಲಿ 13 ಲಕ್ಷ ಮಂದಿ ಸತ್ತರು. ಅವರಲ್ಲಿ ಶೇ 83 ಮಂದಿ ಬಿ ಬಗೆಯಿಂದ ಸತ್ತವರು. 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನ ಇದನ್ನು ಹೊತ್ತಿದ್ದರು, ಭಾರತದಲ್ಲಿಯೇ ಸುಮಾರು 3 ಕೋಟಿ.

ಮಕ್ಕಳಲ್ಲಿ ರೋಗ ಇಳಿಯುತ್ತಿರುವಾಗ ಸಾವು ಏರುವುದು ಹೇಗೆ ಎಂದು ಮೊದಮೊದಲು ನನಗೂ ಗೊಂದಲವಾಗಿತ್ತು. ಇಂದು ಸಾಯುತ್ತಿರುವವರು ಇಂದಿನ ಸೋಂಕಿನಿಂದ ಸಾಯುತ್ತಿಲ್ಲ. ಅವರಲ್ಲಿ ಬಹುಪಾಲು ಜನ ಲಸಿಕೆ ಇಲ್ಲದಿದ್ದ, ಅಥವಾ ಇದ್ದೂ ತಲುಪದ ದಶಕಗಳಲ್ಲಿ ಕೂಸಾಗಿದ್ದವರು. ಮಾವನ ಸಾವು ಲೆಕ್ಕಕ್ಕೆ ಸೇರಿದ್ದು 2007ರಲ್ಲಿ, ಆದರೆ ಅದರ ಬೀಜ ಬಿದ್ದದ್ದು 1962ರಲ್ಲಿ. ಹಾಗೆಯೇ, ಇಂದು ತಪ್ಪಿಹೋದ ಒಂದು ಡೋಸು ಲೆಕ್ಕಕ್ಕೆ ಬರುವುದು 2060ರ ಆಸುಪಾಸಿನಲ್ಲಿ. 2022ರಲ್ಲೂ ಹುಟ್ಟಿದ ಕೂಡಲೇ ಡೋಸ್ ಪಡೆದ ಕೂಸುಗಳು ಜಗತ್ತಿನಲ್ಲಿ ಶೇ 45, ಆಫ್ರಿಕಾದಲ್ಲಿ ಶೇ 18 ಮಾತ್ರ. ಇನ್ನು ಈಗಾಗಲೇ ಹೊತ್ತವರ ಪೈಕಿ ತಮಗೆ ಸೋಂಕಿದೆಯೆಂದು ತಿಳಿದವರು ಶೇ 13. ಚಿಕಿತ್ಸೆ ಪಡೆಯುತ್ತಿರುವವರು ಶೇ 3. ಈ ಎರಡು ಅಂಕಿಗಳು ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಕಲಕುತ್ತವೆ, ಏಕೆಂದರೆ ಔಷಧಿ ಇಲ್ಲವೆಂದಲ್ಲ. ದಿನಕ್ಕೊಂದು ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಬುಡಸಮೇತ ಕೀಳದಿದ್ದರೂ ಅದರ ಬೆಳವಣಿಗೆಯನ್ನು ಅದುಮಿಡುತ್ತದೆ, ಲಿವರನ್ನು ಕಾಯುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಅದೇ ವರ್ಷ ಅಕ್ಕನಿಗೆ ಎರಡನೆಯ ಹೆರಿಗೆ. ಈ ಸಲ ನಾವು ಮೊದಲೇ ಎಚ್ಚೆತ್ತಿದ್ದೆವು. ಅವಳ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಹೆಚ್ಚಿದ್ದುದರಿಂದ ಏಳನೆಯ ತಿಂಗಳಿನಿಂದ ಅವಳಿಗೆ ಮಾತ್ರೆ ಕೊಟ್ಟರು. ಸಿದ್ಧ ಪ್ರತಿಕಾಯಗಳ, ಅಂದರೆ ವೈರಸ್ಸನ್ನು ತಡೆಯುವ ಆಂಟಿಬಾಡಿಗಳ, ಚುಚ್ಚುಮದ್ದನ್ನು ನಾನು ರಾಯಚೂರಿನಿಂದ ಐಸ್ ಡಬ್ಬಿಯಲ್ಲಿ ತಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇಡಿಸಿದ್ದೆ, ಅದು ಹೆಪ್ಪುಗಟ್ಟದಂತೆ ಮೇಲಿನ ಐಸಿನ ಖಾನೆಯಿಂದ ದೂರದಲ್ಲಿ. ಕೂಸು ಹುಟ್ಟಿದ್ದು ನಸುಕಿನ ನಾಲ್ಕೂಕಾಲಿಗೆ. ಸ್ಟಾಫ್ ನರ್ಸ್ ಮೊದಲು ಕೂಸಿನ ತೊಡೆಯ ಮೇಲಿನ ರಕ್ತವನ್ನು ಚೆನ್ನಾಗಿ ಒರೆಸಿದರು, ಏಕೆಂದರೆ ಒರೆಸದೆ ಚುಚ್ಚಿದರೆ ತಾಯಿಯ ರಕ್ತವೇ ಸೂಜಿಯ ಜೊತೆ ಒಳಗೆ ಹೋಗಬಹುದು. ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಪ್ರತಿಕಾಯ. ಐದು ಗಂಟೆಗೆ ಎರಡೂ ಮುಗಿದಿದ್ದವು. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರದ ಡೋಸುಗಳನ್ನು ಆಶಾ ಕಾರ್ಯಕರ್ತೆ ಮನೆಗೇ ಬಂದು ನೆನಪಿಸಿದರು. ವರ್ಷ ತುಂಬಿದ ಮೇಲೆ ಪರೀಕ್ಷಿಸಿದಾಗ ಆ ಕೂಸಿನ ಕಾರ್ಡಿನ ಮೇಲೆ ಒಂದೇ ಗೆರೆ ಇತ್ತು. ನಾನು ಇಪ್ಪತ್ತು ನಿಮಿಷದ ಮೇಲೂ ಕಾದು ನೋಡಿದೆ.

ಅಣ್ಣ ತಂಗಿ ಈಗ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಾರೆ, ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಊಟದಿಂದ, ಮುಟ್ಟುವುದರಿಂದ, ಎದೆಹಾಲಿನಿಂದ ಇದು ಹರಡುವುದಿಲ್ಲ ಎಂದು ನೆಂಟರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಶ್ಶು, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ, ಇವುಗಳ ಬಗ್ಗೆ ಮಾತ್ರ ಜಾಗ್ರತೆ ಬೇಕು. ಒಣಗಿದ ರಕ್ತದಲ್ಲಿಯೂ ವೈರಸ್ಸು ವಾರದ ತನಕ ಬದುಕಿರುತ್ತದೆ. ಹುಡುಗನನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕರೆದೊಯ್ಯುತ್ತೇವೆ, ಇದುವರೆಗೆ ಲಿವರು ಚೆನ್ನಾಗಿದೆ. ಅವ್ವ ರಾತ್ರಿ ಊಟವಾದ ಮೇಲೆ ತನ್ನ ಮಾತ್ರೆಯನ್ನು ತಪ್ಪದೆ ನುಂಗುತ್ತಾಳೆ.

ಮಸ್ಕಿಯಲ್ಲಿರುವ ಚಿಕ್ಕವ್ವ ಮಾತ್ರ ಇನ್ನೂ ಪರೀಕ್ಷೆಗೆ ಒಪ್ಪಿಲ್ಲ. ಮಗಳ ಮದುವೆಯ ಮಾತುಕತೆ ನಡೆದಿದೆ, ಈಗ ರಕ್ತ ಕೊಟ್ಟರೆ ಜನ ಏನೆಂದಾರು ಎಂಬ ಅಂಜಿಕೆ ಅವಳದು. ಕಳೆದ ವಾರ ಅತ್ತೆಯೇ ನನ್ನ ಜೊತೆ ಬಸ್ಸು ಹತ್ತಿ ಅಲ್ಲಿಗೆ ಬಂದರು. ಚಿಕ್ಕವ್ವನ ಎದುರು ಕುಳಿತು, 'ನಮ್ಮ ಮನಿಯಾಂವ ಕುಡೀತಿದ್ದಿಲ್ಲವ್ವ, ನಿನಗೂ ಗೊತ್ತೈತಿ' ಎಂದಷ್ಟೇ ಹೇಳಿದರು. ಚಿಕ್ಕವ್ವ ಬಹಳ ಹೊತ್ತು ಸುಮ್ಮನಿದ್ದು, ಹಬ್ಬ ಮುಗಿಯಲಿ, ಸಿಂಧನೂರಿಗೆ ನಾನೇ ಬರುತ್ತೇನೆ ಎಂದಳು. ಅವಳ ಹೆಸರಿನಲ್ಲಿ ಒಂದು ಕಾರ್ಡನ್ನು ನಾನು ಡ್ರಾಯರಿನಲ್ಲಿ ಬೇರೆಯಾಗಿ ಎತ್ತಿಟ್ಟಿದ್ದೇನೆ.