ಇಷ್ಟೆಲ್ಲ ನೋಡಿಯೂ ಹ್ಯಾಂಗ ನಂಬ್ತೀರಿ?

ಬೀದರಿನಲ್ಲಿ ನನ್ನನ್ನು ಬಲ್ಲವರು ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ: “ಟೀವಿ ಹಚ್ಚಿದರ ಯುದ್ಧ, ಓಣಿಗೆ ಬಂದರ ಜಗಳ. ಆದರೂ ಮನುಷ್ಯಾರೆಲ್ಲ ಒಂದ, ಒಂದಿನ ಲೋಕ ತಣ್ಣಗಾಗ್ತದ ಅಂತೀರಲ್ಲ, ಹ್ಯಾಂಗ ನಂಬ್ತೀರಿ ಸರ?”

ನಾನು ಊರನ್ನೇ ತೋರಿಸುತ್ತೇನೆ ಅಂದುಕೊಂಡಿರುತ್ತಾರೆ. ತೋರಿಸಲು ಬೇಕಾದಷ್ಟಿದೆ. ಸಿಖ್ಖರ ಗುರುದ್ವಾರ ನಾನಕ್ ಝೀರಾದ ಲಂಗರಿನಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ಹೋಳಿ ಮುಗಿದ ಮೇಲೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಉರುಸು. ಅದಕ್ಕೆ ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. 1436ರಲ್ಲಿ ತೀರಿಕೊಂಡ ಆ ದೊರೆ ಮುಸ್ಲಿಮರಿಗೆ ವಲಿ ಅಂದರೆ ಸಂತ, ಲಿಂಗಾಯತರಲ್ಲಿ ಹಲವರಿಗೆ ಅಲ್ಲಮಪ್ರಭು. ಭಾಷಣಕ್ಕೆ ಇದು ಸಾಕು. ಆದರೆ ದೂರದ ಇರಾನಿನ ಗೀಲಾನಿನಿಂದ ಬಂದು, 1472ರಲ್ಲಿ ನಮ್ಮೂರಿಗೆ ಅಂಥ ಮದರಸಾ ಕಟ್ಟಿಸಿಕೊಟ್ಟ ಮಂತ್ರಿ ಮಹಮೂದ್ ಗವಾನನನ್ನು, ಒಂದು ಖೊಟ್ಟಿ ಪತ್ರ ನಂಬಿ 1481ರಲ್ಲಿ ಕೊಲ್ಲಿಸಿದ್ದೂ ಬಹಮನಿ ಸುಲ್ತಾನನೇ. ಕಲ್ಲುಗಳನ್ನು ಸಾಕ್ಷಿಗೆ ಕರೆದರೆ ಅವು ಎರಡೂ ಕಡೆ ಮಾತಾಡುತ್ತವೆ.

ನನ್ನ ಸಾಕ್ಷಿ ಒಬ್ಬ ಬಿದ್ರಿ ಕೆಲಸದವನು, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವವನು. ಹೆಸರು ಬರೀಬ್ಯಾಡ, ಆರ್ಡರ್ ಬಂದರ ಅಷ್ಟ ಹೇಳು ಅಂದಿದ್ದಾನೆ. ಶಾಲೆಯ ದಿನಗಳ ದೋಸ್ತಿ. ನಮ್ಮನೆಯ ಪುಂಡಿಪಲ್ಯ ಅವರ ಮನೆಯಲ್ಲಿ ಅಂಬಾಡೆ ಕೀ ಭಾಜಿ. ಅವರಮ್ಮ ಮಾಡಿದ್ದೇ ರುಚಿ ಅನ್ನುವುದನ್ನು ನಮ್ಮವ್ವನ ಎದುರು ಇವತ್ತಿಗೂ ಹೇಳಿಲ್ಲ.

ದೇವರ ವಿಷಯಕ್ಕೆ ನಾವು ಎಂದೂ ಜಗಳಾಡಿಲ್ಲ. ಜಗಳ ಆದದ್ದು ದುಡ್ಡಿಗೆ. ನಾನಿದ್ದ ಕಚೇರಿಯ ಸಮಾರಂಭಕ್ಕೆ ಹನ್ನೆರಡು ಹೂದಾನಿ ಬೇಕು ಅಂತ ಅವನಿಗೆ ಬಾಯಿಮಾತಿನಲ್ಲಿ ಹೇಳಿದ್ದೆ. ಅವನು ಉದ್ರಿಯಲ್ಲಿ ಬೆಳ್ಳಿ ತಂದು ಕೂತ. ಕಡೆಗೆ ಮೇಲಿನವರು ಐದೇ ಸಾಕು ಅಂದರು. ನಾನು ಬಾಯಿ ಬಿಡಲಿಲ್ಲ. ಏಳು ಹೂದಾನಿ ಅವನ ಮಾಡದಲ್ಲೇ ಉಳಿದವು, ಮಾತು ಎರಡು ವರ್ಷ ನಿಂತಿತು.

ಆ ಎರಡು ವರ್ಷದಲ್ಲಿ ನಮ್ಮ ಕಡೆಯವರು “ಅವರು ಹಂಗ ಬಿಡು” ಅಂದರು. ಅವನ ಕಡೆಯವರೂ ಅಂದಿರಬೇಕು. ಹೂದಾನಿಯ ಲೆಕ್ಕ ಧರ್ಮದ ಅಂಗಿ ತೊಡುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನಾನು ಕಣ್ಣಾರೆ ಕಂಡೆ. ಒಂದು ಸಲ ನಾನೂ ತಲೆಯಾಡಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಟೀವಿಯಲ್ಲಿ ನೋಡಿ ನಾನು ಯಾರನ್ನು ಬೈಯುತ್ತಿದ್ದೆನೋ ಅವರ ಸಾಲಿನಲ್ಲೇ ನಾನೂ ನಿಂತಿದ್ದೆನಲ್ಲ.

ಉಳಿದ ಏಳರ ದುಡ್ಡು ಹೊಂದಿಸಿಕೊಂಡು ಅವನ ಕಾರ್ಖಾನೆಗೆ ಹೋದೆ. ಕಾರ್ಖಾನೆ ಅಂದರೆ ಒಂದೇ ಕೋಣೆ. ಮಾಫಿ ಗೀಫಿ ಏನೂ ಆಗಲಿಲ್ಲ. ನೋಟು ಎಣಿಸಿ ಜೇಬಿಗಿಟ್ಟು, “ಕೈ ಖಾಲಿ ಅದಾವಲ್ಲ, ತಿಕ್ಕು” ಅಂತ ಒಂದು ಡಬ್ಬಿ, ಒಂದು ಅರ ಕೊಟ್ಟ.

ಬಿದ್ರಿ ನೋಡಿದವರಿಗೆ ಗೊತ್ತಿರುವುದು ಕಡುಗಪ್ಪಿನ ಮೇಲೆ ಹೊಳೆಯುವ ಬೆಳ್ಳಿ. ಆ ಕಪ್ಪು ಬರುವುದು ತೀರಾ ಕೊನೆಗೆ. ಬಹುಪಾಲು ಸತುವು, ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೊರೆದು, ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ತಿಕ್ಕಿ ನುಣುಪು ಮಾಡಿದಾಗ ಸತುವೂ ಬೆಳ್ಳಿಯೂ ಒಂದೇ ಬಣ್ಣ. ಯಾವುದು ಎಲ್ಲಿದೆ ಅಂತ ಹೊಸಬನ ಕಣ್ಣಿಗೆ ಕಾಣುವುದಿಲ್ಲ. ಕೋಟೆಯೊಳಗೆ ಮಳೆ ಬಿಸಿಲು ತಾಗದ ಜಾಗದ ಮಣ್ಣನ್ನು ನವಸಾಗರ ಅನ್ನುವ ಉಪ್ಪಿನ ಜೊತೆ ನೀರಿನಲ್ಲಿ ಕುದಿಸಿ ಹಚ್ಚಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಸರಿಯಾದದ್ದೋ ಅಲ್ಲವೋ ಅಂತ ಅವನು ನಾಲಿಗೆಗೆ ಹಚ್ಚಿ ನೋಡುತ್ತಾನೆ. ನಾನೂ ಒಮ್ಮೆ ನೋಡಿದೆ. ನನಗೆ ಬರೀ ಮಣ್ಣು.

ಬೆಳ್ಳಿ ಕಪ್ಪಿನ ಹೋಲಿಕೆ ಕೊಟ್ಟು ಐಕ್ಯದ ಬಗ್ಗೆ ನಾಲ್ಕು ಮಾತಾಡುವ ಅತಿಥಿಗಳು ಇಲ್ಲಿಗೆ ಬರುತ್ತಿರುತ್ತಾರೆ. ಅವನು ಚಹಾ ಕುಡಿಸಿ ಕಳಿಸುತ್ತಾನೆ.

ಅವತ್ತು ನಾನು ಮೈಮರೆತು ತಿಕ್ಕಿದೆ. ಸಂಜೆ ಡಬ್ಬಿ ಕಪ್ಪಾಗಿ ಹೊರಬಂದಾಗ ಮುಚ್ಚಳದ ಬಳ್ಳಿಯಲ್ಲಿ ಒಂದು ಎಲೆಯೇ ಇರಲಿಲ್ಲ. ನನ್ನ ಅರ ತಿಂದಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ, ನನ್ನನ್ನು ನೋಡಿದ.

“ಇದರದೂ ಕೊಡು.”

ಕೊಟ್ಟೆ. ಅದನ್ನೂ ಎಣಿಸಿಯೇ ತೆಗೆದುಕೊಂಡ.