ಭಾವಚಿತ್ರದ ಬೆನ್ನು ನೋಡಿ

ಧಾರವಾಡದಲ್ಲಿ ನನ್ನದು ಫ್ರೇಮ್ ಹಾಕುವ ಕೆಲಸ. ಡಿ.ವಿ. ಹಾಲಭಾವಿ ಅವರಂಥವರು ಚಿತ್ರಕಲೆ ಕಲಿಸಿದ ಊರಿದು. ಎಣ್ಣೆಬಣ್ಣದ ಭಾವಚಿತ್ರಗಳು ಅಂಗಡಿಗೆ ಬರುತ್ತಲೇ ಇರುತ್ತವೆ. ಯಾವುದೇ ಬಂದರೂ ನಾನು ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ಯಾವ ಬಟ್ಟೆ? ಎಣ್ಣೆ ಹಿಂದಕ್ಕೆ ಇಳಿದಿದೆಯೇ? ಇಷ್ಟು ತಿಳಿಯದೆ ಚಿತ್ರದಲ್ಲಿರುವ ಮನುಷ್ಯರ ಬಗ್ಗೆ ಮಾತಾಡಬಾರದು ಅಂತ ಈ ಕೆಲಸ ನನಗೆ ಕಲಿಸಿದೆ.

ಈಚೆಗೆ ಒಂದು ಹೊಸ ಚಿತ್ರ ಬಂತು. ವಯಸ್ಸಾದ ಅಮ್ಮನೊಬ್ಬರು ತಲೆ ತಗ್ಗಿಸಿ ನೂಲುತ್ತಿದ್ದಾರೆ. ಕೊಂಡವರಿಗೆ ಒಂದು ಕೊರಗು.

"ಮುಖಾ ಅರ್ಧಕ್ಕ ಬಿಟ್ಟಾರಲ್ರೀ. ಒಂದೀಟು ವಾರ್ನಿಶ್ ಹಚ್ಚಿದ್ರ ಸುಧಾರಿಸ್ತೈತೇನು?"

"ಮೊದಲ ಕೈ ನೋಡ್ರಿ ಸರ್" ಅಂದೆ.

ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಬರೀ ಚಿತ್ರ ಕಾಣುತ್ತದೆ, ಓರೆ ಬೆಳಕಿನಲ್ಲಿ ಬಣ್ಣದ ಏರುತಗ್ಗು ಕಾಣುತ್ತದೆ. ಬೆರಳುಗಳ ಮೇಲೆ ಬಣ್ಣ ದಪ್ಪಗೆ ಕೂತಿತ್ತು. ಹಚ್ಚಿ, ಕೆರೆದು, ಮತ್ತೆ ಹಚ್ಚಿದ ಗುರುತುಗಳಿದ್ದವು. ಮುಖದಲ್ಲಿ ತೆಳುವಾದ ಒಂದೇ ಪದರ, ಅದರೊಳಗಿಂದ ಬಟ್ಟೆಯ ಎಳೆ ಎದ್ದು ಕಾಣುತ್ತಿತ್ತು. ಕಲಾವಿದರು ಹೆಚ್ಚು ಹೊತ್ತು ನಿಂತದ್ದು ಕೈಗಳ ಹತ್ತಿರ. ಆ ಅಮ್ಮ ನಮಗಾಗಿ ಕೂತಿಲ್ಲ, ನೂಲಿಗಾಗಿ ಕೂತಿದ್ದಾರೆ. ಮುಖವನ್ನೂ ಅಷ್ಟೇ ತಿದ್ದಿ ತೀಡಿದ್ದರೆ ಇದು ಸುಮ್ನೆ ಫೋಟೋ ನೋಡಿ ಬರೆದ ಚಿತ್ರದಂತೆ ಆಗುತ್ತಿತ್ತು ಅಂತ ನನಗನ್ನಿಸುತ್ತದೆ.

ಇಂಗ್ಲೆಂಡಿನ ಕಲಾವಿದ ಲೂಸಿಯನ್ ಫ್ರಾಯ್ಡ್ (1922–2011) ಅವರನ್ನೇ ನೋಡಿ. ಮೊದಲು ಸೇಬಲ್ ಅನ್ನುವ ಪ್ರಾಣಿಯ ಮೆತ್ತನೆಯ ಕೂದಲಿನ ಕುಂಚದಿಂದ ನುಣ್ಣಗೆ ಬರೆಯುತ್ತಿದ್ದರು. 1950ರ ದಶಕದಲ್ಲಿ ಹಂದಿ ಕೂದಲಿನ ಗಡುಸು ಕುಂಚ ಹಿಡಿದರು. ಮುಂದೆ ಮೈಬಣ್ಣಕ್ಕೆ ಕ್ರೆಮ್ನಿಟ್ಸ್ ವೈಟ್ ಅನ್ನುವ ಸೀಸದ ಬಿಳಿ ಬಳಸಿದರು. ಅದು ಭಾರವಾದ, ಗಟ್ಟಿಯಾದ ಬಣ್ಣ. ಅವರ ಮನುಷ್ಯರ ಮೈಗೆ ಆ ತೂಕ ಬಂದದ್ದರಲ್ಲಿ ಕುಂಚ, ಬಣ್ಣಗಳ ಪಾಲು ದೊಡ್ಡದು.

ನಮ್ಮ ಚಿತ್ರಕ್ಕೆ ಬರೋಣ. ಬಟ್ಟೆ ಗರಗದ ಖಾದಿ ಅಂತ ಕಲಾವಿದರಿಗೆ ಫೋನ್ ಮಾಡಿದಾಗ ತಿಳಿಯಿತು. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಾಗುತ್ತದೆ. ನೂಲುವವರ ಚಿತ್ರಕ್ಕೆ ಖಾದಿ ಅನ್ನುವುದು ಹೇಳಲು ಚೆಂದ. ಆದರೆ ಅದರ ಮೇಲೆ ಪೂರ್ತಿ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹಚ್ಚುವ ತಳಲೇಪ, ಬಳಿದಿದ್ದರೆ ಖಾದಿಯಾದರೇನು, ಬೇರೆಯದಾದರೇನು? ಇಲ್ಲಿ ಸೀರೆಯ ಭಾಗದಲ್ಲಿ ಬಣ್ಣವೇ ಇಲ್ಲ. ಬಟ್ಟೆಯೇ ಸೀರೆ.

ಇದಕ್ಕೆ ಧೈರ್ಯ ಬೇಕು, ತಿಳಿವಳಿಕೆಯೂ ಬೇಕು. ಎಣ್ಣೆಬಣ್ಣದಲ್ಲಿರುವುದು ಅಗಸಿ ಎಣ್ಣೆ, ನಾವು ಚಟ್ನಿಪುಡಿ ಮಾಡುವ ಅದೇ ಅಗಸಿ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಬರೀ ಹತ್ತಿಗೆ ತಾಗಿದರೆ ವರ್ಷಗಳು ಕಳೆದಂತೆ ಎಳೆ ಪುಡಿಯಾಗುವಷ್ಟು ಪೆಡಸಾಗುತ್ತದೆ. ಈ ಕಲಾವಿದರು ಮೊದಲೇ ಅಂಟಿನ ತೆಳು ಲೇಪ ಕೊಟ್ಟಿದ್ದರು. ಬೆನ್ನಿನಲ್ಲಿ ಒಂದೂ ಎಣ್ಣೆಕಲೆ ಇರಲಿಲ್ಲ. ಅದನ್ನು ಕಂಡು ನನಗೆ ನಿಜಕ್ಕೂ ಗೌರವ ಬಂತು.

ಇನ್ನು ವಾರ್ನಿಶ್. ಮುಖಕ್ಕೆ ಬಳಸಿದ್ದು ಅಂಬರ್ ಅನ್ನುವ ಕಂದು ಮಣ್ಣುಬಣ್ಣ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಹೊಳಪಿಲ್ಲದೆ ಮಂಕಾಗಿ ಕೂರುತ್ತದೆ. ಕೈಗಳ ದಪ್ಪ ಬಣ್ಣ ಹೊಳೆಯುತ್ತದೆ. ಎಲ್ಲದರ ಮೇಲೂ ವಾರ್ನಿಶ್ ಎಳೆದರೆ ಎರಡೂ ಒಂದೇ ಥರ ಮಿನುಗುತ್ತವೆ, ಬರಿ ಬಟ್ಟೆಯ ಮೇಲೆ ಕಲೆಯೂ ಆಗುತ್ತದೆ. ಅಲ್ಲದೆ ದಪ್ಪ ಎಣ್ಣೆಬಣ್ಣದ ಮೇಲ್ಪದರ ಒಣಗಿದರೂ ಒಳಗೆ ಹಸಿ ಇರುತ್ತದೆ. ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷ ಕಾಯಬೇಕು. ಇದನ್ನೆಲ್ಲ ಕೈಮಾಡಿ ತೋರಿಸಿ ಹೇಳಿದ ಮೇಲೆ ಚಿತ್ರ ಕೊಂಡವರು ತುಂಬಾ ಹೊತ್ತು ಕೈಗಳನ್ನೇ ನೋಡಿದರು, ವಾರ್ನಿಶ್ ಬೇಡ ಅಂದರು.

ಕೊನೆಗೆ ಗಾಜಿಲ್ಲದ ಫ್ರೇಮ್ ಹಾಕಿದೆ. ಸುತ್ತ ಸ್ವಲ್ಪ ಸಂದು ಬಿಟ್ಟೆ, ಖಾದಿಯ ಅಂಚು ಕಾಣಬೇಕಲ್ವಾ? ನಮ್ಮ ಮಳೆಗಾಲದಲ್ಲಿ ಅಂಟು ಹಚ್ಚಿದ ಬಟ್ಟೆ ಸಡಿಲವಾಗುತ್ತದೆ. ಹಾಗಾಗಿ ಮೂಲೆಗಳಿಗೆ ಮರದ ಬೆಣೆ ಕೊಟ್ಟು, ಹೊರಗೋಡೆಗೆ ತೂಗುಹಾಕಬೇಡಿ ಅಂತ ಹೇಳಿ ಕಳಿಸಿದೆ.